ಮನೆಯಲ್ಲೇ ಕಟ್ಟಿದ ವಿಮಾನ, ಬಿರುಕು ಬಿಡುವ ಸೈಲೆನ್ಸರ್



ಅಮೆರಿಕದಲ್ಲಿ ಸ್ವಂತ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸೋ ಸಾವಿರಾರು ಜನ ಇದ್ದಾರೆ. ಅವರಲ್ಲಿ ಕೆಲವರು ದುಬಾರಿ ವಿಮಾನ ಎಂಜಿನ್ ಬದಲು ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಎಂಜಿನ್ ಕೂರಿಸ್ತಾರೆ. ಅದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ತ್ರಿಕೋನದಂಥ ಎರಡು ರೋಟರ್ ತಿರುಗುತ್ತವೆ, ಅಷ್ಟೆ. ಎಂಜಿನ್ ಗಟ್ಟಿ. ಆದರೆ ಅದರ ಎಕ್ಸಾಸ್ಟ್ ಪೈಪು, ಅಂದ್ರೆ ನಾವು ಸೈಲೆನ್ಸರ್ ಅಂತೀವಲ್ಲ ಆ ಭಾಗ, ವೆಲ್ಡಿಂಗ್ ಮಾಡಿದ ಜಾಗದಲ್ಲಿ ಬಿರುಕು ಬಿಡುತ್ತೆ.

ಬೈಕಲ್ಲಿ ಹೀಗಾದ್ರೆ ಸದ್ದು ಜಾಸ್ತಿ ಆಗುತ್ತೆ, ಮೆಕ್ಯಾನಿಕ್ ಹತ್ರ ಹೋಗ್ತೀವಿ. ವಿಮಾನದಲ್ಲಿ ಆ ಪೈಪಿನ ಪಕ್ಕದಲ್ಲೇ ಪೆಟ್ರೋಲ್ ಪೈಪು, ವೈರುಗಳು ಇರುತ್ತವೆ. ಪೈಲಟ್ ಕೂರುವ ಜಾಗವನ್ನು ಬೆಚ್ಚಗಿಡೋ ಗಾಳಿಯನ್ನೂ ಎಷ್ಟೋ ಸಲ ಈ ಪೈಪಿನ ಸುತ್ತಲಿಂದಲೇ ತರುತ್ತಾರೆ. ಬಿರುಕಿನಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿದ್ರೆ ಬಣ್ಣ ಇಲ್ಲ, ವಾಸನೆ ಇಲ್ಲ. ಪೈಲಟ್‌ಗೆ ಮಂಪರು ಬರುತ್ತೆ, ಆಮೇಲೆ ಎಚ್ಚರವೇ ತಪ್ಪುತ್ತೆ.

ರೋಟರಿಗೇ ಯಾಕೆ ಇಷ್ಟು ಕಾಟ? ಎಕ್ಸಾಸ್ಟ್ ದಾರಿ ತೆರೆಯೋ ಹೊತ್ತಿಗೆ ಒಳಗಿನ ಉರಿ ಇನ್ನೂ ಪೂರ್ತಿ ಮುಗಿದಿರಲ್ಲ. ಅದು ಪೈಪಿನೊಳಗೂ ಮುಂದುವರಿಯುತ್ತೆ. ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ವಾಲ್ವ್ ಇಲ್ಲದ ಕಾರಣ ದಾರಿ ಒಮ್ಮೆಲೇ ತೆರೆದು ಪ್ರತಿ ಸಲ ಏಟು ಬಿದ್ದ ಹಾಗೆ. ನಿಮಿಷಕ್ಕೆ 6000 ಸುತ್ತಿನಲ್ಲಿ ಎರಡೂ ರೋಟರ್ ಸೇರಿ ಸೆಕೆಂಡಿಗೆ 200 ಏಟು!

ಇಲ್ಲಿ ಅನೇಕರು ಯೋಚಿಸೋದು ಒಂದೇ: ವೆಲ್ಡಿಂಗನ್ನು ಇನ್ನೂ ದಪ್ಪ ಮಾಡೋಣ, ಪಟ್ಟಿ ಹಾಕೋಣ. ಆದರೆ ಲೆಕ್ಕ ನೋಡಿ. ಅರ್ಧ ಮೀಟರ್ ಸ್ಟೇನ್‌ಲೆಸ್ ಪೈಪು 800 ಡಿಗ್ರಿಯಷ್ಟು ಬಿಸಿಯೇರಿದ್ರೆ ಸುಮಾರು 7 ಮಿಲಿಮೀಟರ್ ಉದ್ದ ಆಗುತ್ತೆ. ಎರಡೂ ತುದಿ ಬಿಗಿದಿದ್ರೆ ಅದು ಎಲ್ಲಿಗೆ ಹೋಗಬೇಕು? ಒತ್ತಡವೆಲ್ಲ ಬೆಸುಗೆಯ ಅಂಚಿಗೆ ಬೀಳುತ್ತೆ. ಬಿರುಕಿನ ಮೇಲೆ ಮತ್ತೆ ವೆಲ್ಡ್ ಮಾಡಿದ್ರೆ, ಮುಂದಿನ ಬಿರುಕು ಪಕ್ಕದಲ್ಲೇ ಬರುತ್ತೆ.

ಹಾಗಾಗಿ ಮೊದಲ ಕೆಲಸ, ಪೈಪಿಗೆ ಅಲುಗಾಡೋಕೆ ಜಾಗ ಕೊಡೋದು. ಒಂದರೊಳಗೊಂದು ಜಾರುವ ಜಾಯಿಂಟ್ ಇಡಬೇಕು. ಎಂಜಿನ್ ರಬ್ಬರ್ ಮೌಂಟ್ ಮೇಲೆ ನಡುಗುತ್ತಾ ಇರುತ್ತೆ. ಅದಕ್ಕೇ ಮಫ್ಲರಿನ ಭಾರವನ್ನು ಎಂಜಿನ್ನಿಗೇ ಆನಿಸಬೇಕು, ವಿಮಾನದ ಮೈಗೆ ಬಿಗಿಯಬಾರದು. ಫ್ಲ್ಯಾಂಜ್ ಸರಿಯಾಗಿ ಕೂರದಿದ್ರೆ ಬೋಲ್ಟಿನಿಂದ ಎಳೆದು ಕೂರಿಸೋದೂ ಬೇಡ.

ಎರಡನೇದು ಲೋಹ. ಸಾಧಾರಣ ಉಕ್ಕು ಈ ಬಿಸಿಗೆ ಬೇಗ ಸುಟ್ಟು ತೆಳುವಾಗುತ್ತೆ. 304 ಸ್ಟೇನ್‌ಲೆಸ್‌ನಲ್ಲಿ ಬೆಸುಗೆಯ ಅಕ್ಕಪಕ್ಕ ಕ್ರೋಮಿಯಂ ಹೋಗಿ ಕಾರ್ಬನ್ ಜೊತೆ ಸೇರಿಕೊಳ್ಳುತ್ತೆ, ಆ ಜಾಗ ದುರ್ಬಲ ಆಗುತ್ತೆ. 321ರಲ್ಲಿ ಆ ಕಾರ್ಬನ್ನನ್ನು ಹಿಡಿದಿಡೋಕೆ ಟೈಟಾನಿಯಂ ಇದೆ. ಇನ್‌ಕೊನೆಲ್ 625 ಇನ್ನೂ ಚೆನ್ನಾಗಿ ತಾಳುತ್ತೆ. ಬೆಲೆ ಜಾಸ್ತಿ, ನಿಜ. ಆದರೆ ಅಗ್ಗದ ಪೈಪಿನ ಬೆಲೆಗೆ ಮತ್ತೆ ಮತ್ತೆ ಮಾಡಿಸೋ ರಿಪೇರಿಯನ್ನೂ ಸೇರಿಸಿ ನೋಡಿ.

ಮೂರನೇದು, ಟಿಗ್ ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಗ್ಯಾಸ್ ತುಂಬಬೇಕು. ಇಲ್ಲದಿದ್ರೆ ಒಳಮೈ ಆಕ್ಸಿಜನ್ ತಗುಲಿ ಸಕ್ಕರೆ ಹರಳಿನ ಥರ ಒರಟಾಗುತ್ತೆ. ಹೊರಗಿನಿಂದ ಬೆಸುಗೆ ಚಂದ ಕಾಣುತ್ತೆ, ಬಿರುಕು ಒಳಗಿನಿಂದ ಶುರುವಾಗುತ್ತೆ.

ಇಷ್ಟೆಲ್ಲ ಮಾಡಿದ್ರೂ ನೋಡ್ತಾ ಇರಬೇಕು. ಆಯಿಲ್ ಬದಲಿಸುವಾಗಲೆಲ್ಲ ಎಂಜಿನ್ ಕವರ್ ಬಿಚ್ಚಿ, ಟಾರ್ಚು, ಸಣ್ಣ ಕನ್ನಡಿ ಹಿಡಿದು ಬೆಸುಗೆಗಳ ಸುತ್ತ ಬೂದುಬಣ್ಣದ ಗೆರೆ ಇದೆಯಾ ಹುಡುಕಬೇಕು. ಎಂಜಿನ್ ತಣ್ಣಗಿದ್ದಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಕಡೆಯಿಂದ ಪೈಪಿಗೆ ಗಾಳಿ ಬಿಟ್ಟು, ಮೇಲೆ ಸೋಪು ನೀರು ಹಚ್ಚಿ. ಪಂಕ್ಚರ್ ಅಂಗಡಿಯ ವಿದ್ಯೆಯೇ, ಗುಳ್ಳೆ ಬಂದಲ್ಲಿ ಬಿರುಕು. ಜೊತೆಗೆ ಪೈಲಟ್ ಕಣ್ಣೆದುರಿಗೇ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಅದು ಕೂಗಿದ್ರೆ ಹೀಟರ್ ಬಂದ್, ಹೊರಗಾಳಿ ಓಪನ್, ಹತ್ತಿರದ ರನ್‌ವೇಗೆ ಇಳಿಯೋದು.

ಇವತ್ತಿಗೆ ಇಷ್ಟು. ನಿಮ್ಮ ಪ್ರಶ್ನೆಗಳನ್ನು ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.