ಎರಡು ಭಾಷೆಯ ತರಗತಿಗೆ ಹೊರಟವರಿಗೆ

ಶಿಕ್ಷಕರಾಗಲು ಪದವಿ ಪಡೆದ ಮಕ್ಕಳೇ,

ಪದಕ ಪಡೆದವರನ್ನು ಪ್ರಾಂಶುಪಾಲರು ಆಗಲೇ ಹೊಗಳಿದ್ದಾರೆ, ನಾನು ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಬಹಳ ಜನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಶಾಲೆಗಳಲ್ಲೇ ಕೆಲಸ ಹಿಡಿಯುತ್ತೀರಿ. ಅಲ್ಲಿ ನಿಮ್ಮ ಕೈಗೆ ಬರುವುದು ದ್ವಿಭಾಷಾ ತರಗತಿ. ಅದರ ಚಿಂತೆ ನನಗೆ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಸರ್ಕಾರಿ ಶಾಲೆಯ ಮಗು ಎಬಿಸಿಡಿ ನೋಡುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. 2007–08ರಲ್ಲಿ ಇಂಗ್ಲಿಷು ಒಂದನೇ ಕ್ಲಾಸಿಗೆ ಇಳಿಯಿತು. ಬೋಧನಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಅದು ಹೆತ್ತವರ ಆಯ್ಕೆ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. 2019–20ರಲ್ಲಿ, ಚನ್ನಪಟ್ಟಣದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ತೀರ್ಮಾನವಾಯಿತು. ಸಾಹಿತಿಗಳು ವಿರೋಧಿಸಿದರು. ತಾಯಂದಿರು ಅರ್ಜಿ ಹಿಡಿದು ಬಂದರು. ಸಾಹಿತಿಗಳ ಭಯವೂ ನಿಜ, ಆ ತಾಯಂದಿರ ಆಸೆಯೂ ನಿಜ. ಬಿಡದಿಯ ಕಾರ್ಖಾನೆಗೆ ಬಸ್ಸು ಹತ್ತುವ ತಾಯಿಗೆ ಇಂಗ್ಲಿಷ್ ಬೇಡ ಎನ್ನುವ ಹಕ್ಕು ನನಗಿಲ್ಲ.

ಆದರೆ ಕನ್ನಡವನ್ನು ಒಂದು ಪೀರಿಯಡ್ಡಿಗೆ ಕೂಡಿಹಾಕಿ, ಉಳಿದ ಪಾಠಗಳನ್ನೆಲ್ಲ ಮಕ್ಕಳಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಓದಿ, ಅದನ್ನು ದ್ವಿಭಾಷಾ ತರಗತಿ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಎರಡು ಭಾಷೆ ನಮ್ಮ ಮಕ್ಕಳಿಗೇನು ಹೊಸದೇ? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ರೈತರದು ಕನ್ನಡ, ನೂಲು ತೆಗೆಯುವ ಬಹಳಷ್ಟು ರೀಲರುಗಳ ಮನೆಮಾತು ಉರ್ದು, ಗಡಿಯಾಚೆಯಿಂದ ಗೂಡು ತಂದವರದು ತೆಲುಗು. ಚನ್ನಪಟ್ಟಣದಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಹಚ್ಚುವವರ ಮನೆಯ ಮಗು ಒಳಗೆ ಉರ್ದು, ಬೀದಿಯಲ್ಲಿ ಕನ್ನಡ ಆಡಿಕೊಂಡೇ ಬೆಳೆದಿರುತ್ತದೆ. ಅಂಥ ಮಗು ಶಾಲೆಗೆ ಬಂದ ದಿನವೇ ಬಾಯಿ ಮುಚ್ಚಿ ಕೂರುವಂತೆ ಮಾಡುತ್ತಿರುವವರು ನಾವು.

ನನಗೆ ಈ ಕೆಲಸ ಕಲಿಸಿದವರು ಕನಕಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಹೆಡ್ಮಾಸ್ಟರು. ಅವರ ವಿಷಯ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅರ್ಧ ಊರು ರೇಷ್ಮೆಹುಳು ಮೇಯಿಸುವ ಮನೆಗಳು. ಮೇಷ್ಟ್ರು ಒಂದು ದಿನ, ಹುಳು ಗೂಡು ಕಟ್ಟುವ ಚಂದ್ರಿಕೆಯೊಂದನ್ನು ಹೊತ್ತು ತಂದು ಕ್ಲಾಸಿನ ಗೋಡೆಗೆ ಒರಗಿಸಿದರು. ಮೊದಲ ವಾರ ಪೂರ್ತಿ ಕನ್ನಡ. ಸೊಪ್ಪು ಯಾವಾಗ ಸಣ್ಣಗೆ ಹೆಚ್ಚಬೇಕು, ಹುಳು ಯಾವಾಗ ಹಣ್ಣಾಗುತ್ತದೆ, ಎಲ್ಲವನ್ನೂ ಮಕ್ಕಳೇ ಹೇಳಬೇಕು, ಮೇಷ್ಟ್ರು ಕೇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಹಾಜರಿಗೂ ದನಿ ಎತ್ತದ ಒಬ್ಬ ಹುಡುಗಿ ಎದ್ದು ನಿಂತು, ‘ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಸಾರ್, ತಲೆ ಎತ್ಕೊಂಡು ಸುಮ್ನೆ ಇರ್ತವೆ, ಪೊರೆ ಬಿಟ್ಟ ಮೇಲೆ ಹಾಕ್ಬೇಕು, ನಾಲ್ಕು ಸಲ ಹಂಗೇ’ ಎಂದಳು. ಅದನ್ನು ಅವಳ ಕೈಯಲ್ಲೇ ಬರೆಸಿದರು, ಚಿತ್ರ ಬಿಡಿಸಿದರು.

ಮುಂದಿನ ವಾರ ಅದೇ ಚಂದ್ರಿಕೆ, ಅದೇ ಚಿತ್ರ, ಇಂಗ್ಲಿಷ್ ಪೀರಿಯಡ್ಡು. ಆ ಹೊತ್ತಿನಲ್ಲಿ ಮೇಷ್ಟ್ರ ಬಾಯಲ್ಲಿ ಕನ್ನಡದ ಒಂದು ಮಾತೂ ಇಲ್ಲ. ತೋರಿಸುತ್ತಾರೆ, ಮುಟ್ಟಿಸುತ್ತಾರೆ, ಮತ್ತೆ ಹೇಳುತ್ತಾರೆ. ಆ ಹುಡುಗಿ ಎದ್ದಳು: ‘ವರ್ಮ್ ನಾಟ್ ಈಟಿಂಗ್. ಹೆಡ್ ಅಪ್.’ ವ್ಯಾಕರಣ ತಪ್ಪು ಎಂದು ಅವರು ಅವಳನ್ನು ತಡೆಯಲಿಲ್ಲ. ಸರಿಯಾದ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ತಾವೇ ಗಟ್ಟಿಯಾಗಿ ಓದಿ ಮುಂದೆ ಹೋದರು. ಹುಳುವಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಇಂಗ್ಲಿಷಿಗೆ ಬೇಕಾದದ್ದು ಅವಳ ಧೈರ್ಯವೊಂದೇ, ಅದನ್ನು ಕೊಟ್ಟದ್ದು ಹಿಂದಿನ ವಾರದ ಕನ್ನಡ.

ಈಗ ನನ್ನ ಹಳೆಯ ತಕರಾರಿಗೆ ಬರುತ್ತೇನೆ. ಪಠ್ಯದ ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ತಕ್ಷಣ ಅದರ ಕನ್ನಡ ಹೇಳುವುದು, ಮತ್ತೆ ಮುಂದಿನ ಸಾಲು. ನಿಮ್ಮ ಅಭ್ಯಾಸ ಪಾಠಗಳಲ್ಲೂ ಇದನ್ನೇ ನೋಡಿದೆ, ಸಿಟ್ಟು ಬಂತು. ಹೇಗೂ ಕನ್ನಡ ಬರುತ್ತದಲ್ಲ ಎಂದು ಮಗು ಇಂಗ್ಲಿಷಿಗೆ ಕಿವಿ ಮುಚ್ಚುತ್ತದೆ. ತುಂಡು ತುಂಡಾದ ಆ ಕನ್ನಡದಲ್ಲಿ ಯೋಚನೆಯೂ ಬೆಳೆಯುವುದಿಲ್ಲ. ಪಾಠ ಯೋಜನೆಗಳನ್ನು ಫೋನಿನಿಂದ ಇಳಿಸಿಕೊಂಡಿದ್ದೀರಿ, ಎಲ್ಲವೂ ಅಚ್ಚು ಹಾಕಿದಂತೆ ಒಂದೇ ಥರ. ಕಳೆದ ತಿಂಗಳು ಕನ್ನಡದ ಒಂದು ಕಥೆ ಪುಸ್ತಕ ಪೂರ್ತಿ ಓದಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆ? ನಿಮಗೇ ಓದುವ ರುಚಿ ಇಲ್ಲದಿದ್ದರೆ ಮಕ್ಕಳಿಗೆ ಯಾವ ಭಾಷೆಯಲ್ಲಿ ಹತ್ತಿಸುತ್ತೀರಿ?

ಆ ಮೇಷ್ಟ್ರು ಭಾಷೆಗಳಿಗೆ ಬೇರೆ ಬೇರೆ ಹೊತ್ತು ಕೊಟ್ಟದ್ದು ಹಳ್ಳಿಯ ಹುಚ್ಚಾಟವಲ್ಲ. ಕ್ಯೂಬಾದ ಕ್ರಾಂತಿಯ ನಂತರ ನಿರಾಶ್ರಿತರು ಅಮೆರಿಕದ ಮಯಾಮಿ ಊರಿಗೆ ಬಂದಿಳಿದಾಗ, 1963ರಲ್ಲಿ ಅಲ್ಲಿನ ಕೋರಲ್ ವೇ ಎಂಬ ಸರ್ಕಾರಿ ಶಾಲೆ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಸ್ಪ್ಯಾನಿಷ್ ಎಂದು ಹೊತ್ತು ಹಂಚಿತು. ಒಂದು ಹೊತ್ತಿನಲ್ಲಿ ಕಲಿತದ್ದನ್ನು ಇನ್ನೊಂದು ಹೊತ್ತಿನಲ್ಲಿ ಇನ್ನೊಂದು ಭಾಷೆ ಗಟ್ಟಿ ಮಾಡುತ್ತಿತ್ತು. ಇಂಗ್ಲಿಷ್ ಮನೆಯ ಮಕ್ಕಳೂ ಸ್ಪ್ಯಾನಿಷ್ ಕಲಿತರು. ಆ ಶಾಲೆ ಇವತ್ತಿಗೂ ಇದೆ, ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿಯವರೆಗೆ ನಡೆಯುತ್ತಿದೆ. ನಿರಾಶ್ರಿತರ ಭಾಷೆಗೆ ಅಲ್ಲಿ ಅರ್ಧ ದಿನ ಸಿಕ್ಕಿತು. ಕನ್ನಡ ನಾಡಿನ ಶಾಲೆಯಲ್ಲಿ ಕನ್ನಡಕ್ಕೆ ಅಷ್ಟಾದರೂ ಸಿಗಬೇಡವೇ?

ಭಾಷೆಗೊಬ್ಬರಂತೆ ನಿಮಗೆ ಇಬ್ಬರು ಮೇಷ್ಟ್ರು ಸಿಗಲಿಕ್ಕಿಲ್ಲ, ಒಬ್ಬರೇ ಎಲ್ಲ ಮಾಡಬೇಕಾದೀತು. ಹಾಗಿದ್ದರೂ ಹೊತ್ತು ಬೇರೆ ಮಾಡಿ. ಲೆಕ್ಕ, ಪರಿಸರ ಅಧ್ಯಯನ ಮೊದಲು ಕನ್ನಡದಲ್ಲಿ ಚರ್ಚೆಯಾಗಲಿ, ನಂತರದ ಪೀರಿಯಡ್ಡಿನಲ್ಲಿ ಇಂಗ್ಲಿಷಿಗೆ ಹೋಗಲಿ. ಉರ್ದು ಮನೆಯ ಮಗುವನ್ನು ಉರ್ದುವಿನಲ್ಲೇ ಮಾತಾಡಿಸುವ ಗೆಳೆಯನ ಪಕ್ಕ ಕೂರಿಸಿ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಕಥೆ ಓದಿ, ಪ್ರಶ್ನೆ ಕೇಳಬೇಡಿ. ಒಗಟು ಬೇಕಿದ್ದರೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇಲ್ಲೇ ರಾಮನಗರದ ಹತ್ತಿರ ಹೆದ್ದಾರಿ ಪಕ್ಕದಲ್ಲಿದೆ, ಮಕ್ಕಳ ಜೊತೆ ಹೋಗಿ ಬನ್ನಿ. ಕಿರುಚಬೇಡಿ, ಗಂಟಲು ಹೋದರೆ ಈ ಕೆಲಸವೇ ಹೋಯಿತು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಸಂಬಳದ ಖಾತೆಯ ಎಟಿಎಂ ಕಾರ್ಡು ನಿಮ್ಮ ಪರ್ಸಿನಲ್ಲೇ ಇರಲಿ, ಅದರಲ್ಲಿ ಪುಸ್ತಕಕ್ಕೆ ಅಂತ ಸ್ವಲ್ಪ ತೆಗೆದಿಡಿ.

ನೇಮಕದ ಆದೇಶ ಕೈಗೆ ಬಂದ ವಾರವೇ ನಿಮ್ಮ ಶಾಲೆ ಇರುವ ಊರಿನ ಅಂಗನವಾಡಿಗೆ ಹೋಗಿ. ಕಾರ್ಯಕರ್ತೆಯ ಹತ್ತಿರ ಕೂತು, ಜೂನ್‌ನಲ್ಲಿ ನಿಮ್ಮ ಒಂದನೇ ಕ್ಲಾಸಿಗೆ ಬರುವ ಒಂದೊಂದು ಮಗುವಿನ ಹೆಸರು ಬರೆದುಕೊಳ್ಳಿ. ಹೆಸರಿನ ಮುಂದೆ, ಅದು ಮನೆಯಲ್ಲಿ ಅಜ್ಜಿಯ ಜೊತೆ ಯಾವ ಭಾಷೆ ಆಡುತ್ತದೆ ಎಂಬುದನ್ನೂ ಬರೆದುಕೊಳ್ಳಿ.