ನೂರೈವತ್ತು ರೂಪಾಯಿಯ ತೋಪು

ವಿಜಯಪುರದ, ಅಂದರೆ ಹಳೆಯ ವಿಜಾಪುರದ, ಪಡುವಣ ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ನಿಡಗುಂದಿ, ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಹದಿನಾಲ್ಕು ಅಡಿಗೂ ಮಿಕ್ಕ ಉದ್ದ, ಸುಮಾರು 55 ಟನ್ ತೂಕ, ಬಾಯಿ ತೆರೆದ ಸಿಂಹದ ಮುಖ, ಅದರ ಹಲ್ಲುಗಳ ನಡುವೆ ಸಿಕ್ಕಿ ನುಜ್ಜಾಗುತ್ತಿರುವ ಆನೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಪರಾಂಡಾ ಕೋಟೆಯಿಂದ 1632ರಲ್ಲಿ ವಿಜಾಪುರಕ್ಕೆ ಬಂದದ್ದು. ಇಷ್ಟನ್ನು ಬಲ್ಲವರಿಗೂ 1854ರಲ್ಲಿ ಈ ತೋಪು ಲಿಲಾವಿಗೆ ಬಂದಿತ್ತೆಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ. ವಿಜಾಪುರವನ್ನು ಒಳಗೊಂಡಿದ್ದ ಸಾತಾರಾ ಸಂಸ್ಥಾನ ಕಂಪನಿ ಸರಕಾರದ ಕೈಸೇರಿ ಆಗ ಕೆಲವೇ ವರ್ಷವಾಗಿತ್ತು. ವಿಜಾಪುರದಲ್ಲಿ ಸುಮ್ಮನೆ ಬಿದ್ದಿರುವ ನಿರುಪಯೋಗಿ ಸಾಮಾನನ್ನೆಲ್ಲ ಮಾರಿಹಾಕಿ ಎಂದು ಮೇಲಿನಿಂದ ಹುಕುಂ ಬಂತು. ತೋಪಿಗೆ ಕೂಗಿದ ಸವಾಲು 150 ರೂಪಾಯಿ. ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ! ಬೆಲೆ ತೀರ ಕಡಿಮೆಯಾಯಿತು, ಜನ ಇದನ್ನು ಪೂಜಿಸುತ್ತಾರೆ, ಪುರಾತನ ವಸ್ತುವೆಂದು ಇದಕ್ಕೆ ಬೇರೆಯೇ ಮಹತ್ವವಿದೆ ಎಂದು ಅಲ್ಲಿನ ಮಾಮಲೇದಾರ ಮೇಲಧಿಕಾರಿಗೆ ಬರೆದ. ಲಿಲಾವು ರದ್ದಾಯಿತು.

ಕೂಗಿದವನು ದಡ್ಡನೇನಲ್ಲ. ಹತ್ತು ಆನೆ, ನಾನೂರು ಎತ್ತು ಹೂಡಿ ಈ ತೋಪನ್ನು ಎಳೆತಂದರೆಂದು ಪ್ರತೀತಿ. ಇಂಗ್ಲೆಂಡಿಗೆ ಸಾಗಿಸುವ ಆಸೆ ಮುಂಬಯಿ ಸರಕಾರಕ್ಕೂ ಇತ್ತು, ಹೊರುವ ರಸ್ತೆ ಇರಲಿಲ್ಲ. ಒಡೆಯುವ ಕೂಲಿ, ಸಾಗಿಸುವ ಖರ್ಚು ಎಲ್ಲ ಕಳೆದು ಅವನಿಗೆ ಉಳಿಯಬಹುದಾದ ಕಂಚಿನ ಲೆಕ್ಕವೇ ಆ 150 ರೂಪಾಯಿ. ಆದರೆ ಅದೇ ತೋಪಿನ ಮೈಮೇಲೆ ಅದರ ಇಡೀ ಜಾತಕ ಕೆತ್ತಿದೆ. ಎರಕ ಹೊಯ್ದ ಮಹಮ್ಮದ್ ರೂಮಿಯ ಹೆಸರಿದೆ, ಮಾಡಿಸಿದ ನಿಜಾಮಶಾಹಿ ದೊರೆಯ ಹೆಸರಿದೆ, 1686ರಲ್ಲಿ ವಿಜಾಪುರ ಗೆದ್ದ ಔರಂಗಜೇಬ ಕೆತ್ತಿಸಿದ ಬರಹವೂ ಇದೆ. ಇವತ್ತು ಹಳೆಯ ಆಯುಧ ಕೊಳ್ಳುವವರು ಇಂಥ ಒಂದು ಸಾಲು ಬರಹಕ್ಕೆ ಹೊಲ ಮನೆ ಮಾರಿ ದುಡ್ಡು ತಂದಾರು. 1854ರ ಲಿಲಾವಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿದವನು ಮಾಮಲೇದಾರ ಒಬ್ಬನೇ. ನನ್ನ ವಾದ ಇಲ್ಲಿಂದಲೇ ಹೊರಡುತ್ತದೆ: ಸಂಗ್ರಾಹಕ ಕೊಡುವ ಹಣ ಕಬ್ಬಿಣಕ್ಕೂ ಕುಸುರಿಗೂ ಸಲ್ಲುವುದಕ್ಕಿಂತ ಹೆಚ್ಚಾಗಿ, ಆಯುಧ ಯಾರದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಹೇಳುವ ಸಾಕ್ಷಿಗೆ ಸಲ್ಲುತ್ತದೆ. ಆ ಸಾಕ್ಷಿಯನ್ನು ಬರೆದಿಟ್ಟವರು ಹೆಚ್ಚಾಗಿ ಗೆದ್ದವರೇ.

ಶ್ರೀರಂಗಪಟ್ಟಣವನ್ನೇ ನೋಡಿ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ ಮಡಿದ. ಕೊಳ್ಳೆಯ ಮಾಲನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ಹರಾಜು ಹಾಕಿ, ದರ್ಜೆಗೆ ತಕ್ಕಂತೆ ಹಂಚಲು ಕಂಪನಿ ಸೈನ್ಯ ಪ್ರೈಜ್ ಏಜೆಂಟರನ್ನು ನೇಮಿಸಿತ್ತು. ಅಂದರೆ ಟಿಪ್ಪುವಿನ ವಸ್ತುಗಳ ಮೊದಲ ಹರಾಜು ನಡೆದದ್ದು ಕಾವೇರಿಯ ನಡುಗಡ್ಡೆಯಲ್ಲೇ. ಲಂಡನ್ನಿನ ಸರದಿ ಆಮೇಲಿನದು. ಸುಲ್ತಾನನ ಮಲಗುವ ಕೋಣೆಯಲ್ಲಿ ಸಿಕ್ಕ ಖಡ್ಗವನ್ನು ದಾಳಿಯ ಮುಂಚೂಣಿಯಲ್ಲಿದ್ದ ಡೇವಿಡ್ ಬೇರ್ಡ್‌ಗೆ ಸೈನ್ಯ ಕಾಣಿಕೆಯಾಗಿ ಕೊಟ್ಟಿತು. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಆ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಹರಾಜಿನವರೇ ಮೊದಲು ಅಂದಾಜಿಸಿದ್ದು 15ರಿಂದ 20 ಲಕ್ಷ ಪೌಂಡು.

ಕೆಲಸಗಾರಿಕೆ ಚೆನ್ನಾಗಿದ್ದರೆ ಬೆಲೆ ಬರುತ್ತದೆ, ಇದರಲ್ಲೇನು ಸೋಜಿಗ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಟಿಪ್ಪುವಿನ ಆಯುಧಗಳಲ್ಲೇ ಉತ್ತರವಿದೆ. 2015ರ ಏಪ್ರಿಲ್‌ನಲ್ಲಿ ಅದೇ ಬಾನ್‌ಹ್ಯಾಮ್ಸ್‌ನಲ್ಲಿ ರತ್ನ ಕೂರಿಸಿದ, ಹಿಡಿಕೆಯ ತುದಿಯಲ್ಲಿ ಹುಲಿಮುಖವಿರುವ ಇನ್ನೊಂದು ಖಡ್ಗ ಮಾರಾಟವಾಯಿತು. ಸಿಕ್ಕಿದ್ದು 21 ಲಕ್ಷ ಪೌಂಡು ಚಿಲ್ಲರೆ. 2023ರದ್ದರ ಹಿಡಿಕೆಯಲ್ಲಿ ಇರುವುದು ಚಿನ್ನದ ಅಕ್ಷರಗಳು. ನಡುವಿನ ಎಂಟು ವರ್ಷದ ತುಟ್ಟಿಯನ್ನು ಕಳೆದರೂ ರತ್ನಕ್ಕಿಂತ ಮಲಗುವ ಕೋಣೆಯ ಹೆಸರೇ ಹೆಚ್ಚು ತೂಗಿತು. 2015ರ ಆ ಖಡ್ಗವಿದ್ದ ಸಂಗ್ರಹವನ್ನು ಕೂಡಿಸಿದವರು ರಾಬಿನ್ ವಿಗಿಂಗ್ಟನ್. ಟಿಪ್ಪುವಿನ ಬಂದೂಕುಗಳ ಮೇಲೆ 1992ರಲ್ಲಿ ಪುಸ್ತಕ ಬರೆದವರೂ ಅವರೇ. ಯಾವ ಗುರುತು ಯಾವ ಕಾರ್ಖಾನೆಯದು, ಹುಲಿಪಟ್ಟೆ ಎಲ್ಲೆಲ್ಲಿ ಬರುತ್ತದೆ ಎಂದು ಒಬ್ಬರು ಕೂತು ಬರೆದಿಟ್ಟ ಮೇಲೆ ಆ ಗುರುತಿಗೂ ಬೆಲೆ ಹುಟ್ಟುತ್ತದೆ.

ರಾಜಮಹಾರಾಜರ ಕತ್ತಿಯ ಮಾತು ಬಿಡಿ, ಸಾಮಾನ್ಯ ಸಿಪಾಯಿಯ ಬಯೊನೆಟ್ಟಿಗೂ ಇದೇ ನ್ಯಾಯವೇ? ಇದು ನಿಜವಾಗಿ ಗಟ್ಟಿ ಆಕ್ಷೇಪ. ಬಯೊನೆಟ್ ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ತಯಾರಾದ ವಸ್ತು, ಅದಕ್ಕೆಂಥ ಜಾತಕ? ಮೊದಲ ಮಹಾಯುದ್ಧದಲ್ಲಿ ಭಾರತೀಯ ಸಿಪಾಯಿಗಳೂ ಹೊತ್ತ 1907ರ ಮಾದರಿಯದನ್ನು ಕೈಗೆತ್ತಿಕೊಳ್ಳೋಣ. 17 ಇಂಚಿನ ಅಲಗು, ಅದರ ಮೇಲೆ ಉದ್ದನೆಯ ತೋಡು, ಎರಡು ಬದಿಗೆ ಮರದ ಹಿಡಿ. ಅಲಗು ಹಿಡಿಕೆಯನ್ನು ಸೇರುವ ಹೆಬ್ಬೆರಳಗಲದ ಜಾಗದಲ್ಲಿ ಕಿರೀಟದ ಮುದ್ರೆ, ಮಾದರಿಯ ವರ್ಷ, ತಯಾರಾದ ತಿಂಗಳು ಮತ್ತು ವರ್ಷ, ತಯಾರಕರ ಗುರುತು ಎಲ್ಲ ಒತ್ತೊತ್ತಾಗಿ ಇರುತ್ತವೆ. ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯದಾದರೆ ಆರ್‌ಎಫ್‌ಐ ಎಂಬ ಮೂರಕ್ಷರ. ಮೊದಮೊದಲು ಬಂದವುಗಳಲ್ಲಿ ಅಡ್ಡಪಟ್ಟಿಯ ಕೆಳತುದಿ ಕೊಕ್ಕೆಯಂತೆ ಬಾಗಿತ್ತು, ಎದುರಾಳಿಯ ಅಲಗನ್ನು ಅದರಲ್ಲಿ ಸಿಕ್ಕಿಸಿ ತಿರುವಲಿ ಎಂದು. ಕೆಲಸಕ್ಕೆ ಬಾರದೆಂದು 1913ರಲ್ಲಿ ಅದನ್ನು ಕೈಬಿಟ್ಟರು, ದುರಸ್ತಿಗೆ ಬಂದ ಹಳೆಯವುಗಳಿಂದಲೂ ಕತ್ತರಿಸಿ ತೆಗೆದರು. ಇವತ್ತು ಆ ಕೊಕ್ಕೆ ಉಳಿದಿರುವ ಬಯೊನೆಟ್ ಇಲ್ಲದ್ದಕ್ಕಿಂತ ಹಲವು ಪಟ್ಟು ದುಬಾರಿ. ಅಲಗಿನ ಉಕ್ಕು ಒಂದೇ, ತೂಕದಲ್ಲಿ ಕೆಲವು ಗ್ರಾಮಿನ ವ್ಯತ್ಯಾಸ. ಕೊಂಡವನು ದುಡ್ಡು ತೆತ್ತದ್ದು ‘ಇದು 1913ಕ್ಕಿಂತ ಮುಂಚಿನದು, ದುರಸ್ತಿ ಕಾರ್ಖಾನೆಯ ಕೈಗೆ ಸಿಕ್ಕದೆ ಉಳಿದದ್ದು’ ಎಂದು ಹೇಳುವ ಬೆರಳುದ್ದದ ಕಬ್ಬಿಣಕ್ಕೆ. ಕೊಕ್ಕೆಯನ್ನು ಹೊಸದಾಗಿ ಬೆಸೆದು ಮೋಸ ಮಾಡುವವರು ಇರುವುದೂ ಅದಕ್ಕೇ.

ಈಗ ಕೃಷ್ಣೆಯ ಎರಡೂ ದಂಡೆಯ ನಮ್ಮ ಸೀಮೆಗೆ ಬರೋಣ. 1565ರಲ್ಲಿ ವಿಜಯನಗರದ ಸೈನ್ಯ ಸೋತ ರಕ್ಕಸಗಿ-ತಂಗಡಗಿ ಇರುವುದು ಪಕ್ಕದ ಮುದ್ದೇಬಿಹಾಳ ಸೀಮೆಯಲ್ಲೇ. ಶತಮಾನಗಟ್ಟಲೆ ದಂಡು ಓಡಾಡಿದ ಈ ನೆಲದ ಆಯುಧಗಳು ಜಗತ್ತಿನ ಹರಾಜಿನ ಪಟ್ಟಿಗಳಲ್ಲಿ ಊರಿನ ಹೆಸರು ಹೊತ್ತು ಯಾಕೆ ಕಾಣುವುದಿಲ್ಲ? ಉತ್ತರದ ದೊಡ್ಡ ಪಾಲು 1857ರಲ್ಲಿದೆ. ಆ ವರ್ಷದ ನಿಶ್ಶಸ್ತ್ರೀಕರಣ ಕಾಯ್ದೆಯ ಪ್ರಕಾರ ಮನೆಮನೆಯ ಹತಾರಗಳನ್ನು ನೋಂದಾಯಿಸಬೇಕಾಯಿತು, ಇಲ್ಲವೇ ಒಪ್ಪಿಸಬೇಕಾಯಿತು. ಹೊಳೆ ದಾಟಿದರೆ ಸಿಗುವ ಮುಧೋಳ ಸೀಮೆಯಲ್ಲಿ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರಿನಲ್ಲಿ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು. ಆ ಹತಾರಗಳ ಗತಿ ಏನಾಯಿತೆಂದು ಹೇಳಲು ಬೇರ್ಡ್‌ನ ಖಡ್ಗಕ್ಕಿದ್ದಂಥ ಕಾಣಿಕೆಯ ಬರಹವಿಲ್ಲ, ವಂಶದವರ ಕೈಬದಲಿಕೆಯ ದಾಖಲೆಯೂ ಇಲ್ಲ. ಇರುವುದು ಲಾವಣಿ. ಮುಂಬಯಿ ಪ್ರಾಂತದ ಅಧಿಕಾರಿ ಜಾನ್ ಫ್ಲೀಟ್ ಅದನ್ನು 1880ರ ದಶಕದಲ್ಲಿ ಅಚ್ಚು ಹಾಕಿಸಿದ್ದರಿಂದ ಉಳಿಯಿತು, ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೂ ಬಂತು. ಊರಿನಿಂದ ಹೋದ ಕೊಡಲಿ ಕಬ್ಬಿಣಗಳನ್ನು ಹಾಲು ಬೆಣ್ಣೆಯ ಜತೆಗೇ ಎಣಿಸಿ ಹೇಳುವ ಹಾಡು ಅದು. ಟಿಪ್ಪುವಿನ ವಿಷಯದಲ್ಲಿ ವಸ್ತುವೂ ಉಳಿಯಿತು, ಸಾಕ್ಷಿಯೂ ಉಳಿಯಿತು. ಹಲಗಲಿಯ ವಿಷಯದಲ್ಲಿ ಸಾಕ್ಷಿ ಉಳಿಯಿತು, ವಸ್ತು ಹೋಯಿತು. ಎರಡೂ ಕೂಡದಿದ್ದರೆ ಹರಾಜುಗಾರ ಸುತ್ತಿಗೆ ಎತ್ತುವುದಿಲ್ಲ.

ಹೆಚ್ಚು ಬೆಲೆ ಬಂದದ್ದರಿಂದಲೇ ವಸ್ತುಗಳು ಉಳಿದವು, ಇಲ್ಲವಾದರೆ ಕುಲುಮೆಗೆ ಹೋಗುತ್ತಿದ್ದವು ಎನ್ನುವವರಿದ್ದಾರೆ. ಒಂದು ಮಟ್ಟಿಗೆ ಒಪ್ಪಬೇಕಾದ ಮಾತೇ. ಬೇರ್ಡ್‌ನ ಮನೆತನ ಕಾಪಾಡದಿದ್ದರೆ ಆ ಖಡ್ಗ ಇರುತ್ತಿರಲಿಲ್ಲ. ಆದರೆ ಮಲಿಕ್-ಎ-ಮೈದಾನ ಉಳಿದದ್ದು ಬೆಲೆಯಿಂದಲ್ಲ, ಬೆಲೆ ಸಾಲದೆಂದು ಒಬ್ಬ ಬರೆದದ್ದರಿಂದ. ನಮ್ಮ ಕಾನೂನು ಈಗ ಅದೇ ದಾರಿ ಹಿಡಿದಿದೆ. 1972ರಲ್ಲಿ ಬಂದು 1976ರಲ್ಲಿ ಜಾರಿಯಾದ ಪುರಾತನ ವಸ್ತುಗಳ ಕಾಯ್ದೆ, ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯಬಾರದೆನ್ನುತ್ತದೆ. ಒಳಗೆ ವ್ಯಾಪಾರ ಮಾಡುವುದಕ್ಕೂ ಪರವಾನಗಿ ಬೇಕು. 1959ರ ಆಯುಧ ಕಾಯ್ದೆಯಡಿಯ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಲಗಿರುವ ಕತ್ತಿ, ಬಾಕು, ಬಯೊನೆಟ್ಟುಗಳನ್ನು ಆಯುಧವೆಂದೇ ಎಣಿಸುತ್ತವೆ. ಇದರಿಂದ ಲಂಡನ್ನಿನ ಬೆಲೆ ಲಂಡನ್ನಿನಲ್ಲೇ ಉಳಿಯುತ್ತದೆ. ಬಹಳ ಹಿಂದೆಯೇ ಹೊರಗೆ ಹೋದ ಮಾಲಿಗೆ ಇನ್ನೂ ಗಿರಾಕಿ ಏರುತ್ತದೆ. ಈ ಕಾಯ್ದೆಗಳಿಂದ ಬಡ ಮಾಲೀಕನಿಗೆ ನಷ್ಟವೆಂಬ ದೂರು ಪೂರ್ತಿ ಸುಳ್ಳಲ್ಲ. ಆದರೆ ಹಳ್ಳಿಯ ಮಾಲೀಕನಿಗೆ ಬೆಲೆ ತಪ್ಪುವುದು ಕಾಯ್ದೆಗಿಂತ ಎಷ್ಟೋ ಮುಂಚೆ. ನಮ್ಮ ಕಡೆ ವಾಡೆಗಳಲ್ಲಿ ಮಹಾನವಮಿಗೆ ತೊಳೆದು ಕುಂಕುಮ ಹಚ್ಚುವ ಕತ್ತಿ ಒಂದು ಮೂಲೆಯಲ್ಲಿ, ಇನಾಮು ಸನದುಗಳ ಮೋಡಿ ಲಿಪಿಯ ಕಾಗದದ ಗಂಟು ಅಟ್ಟದ ಮೇಲೆ. ಅವೆರಡೂ ಒಂದಕ್ಕೊಂದು ಸಾಕ್ಷಿ. ಮೋಡಿ ಓದಬಲ್ಲವರು ವಿರಳ, ಗಂಟು ಬಿಚ್ಚುವವರು ಅವರಿಗಿಂತ ವಿರಳ. ಮನೆ ಪಾಲಾದಾಗ ಕತ್ತಿ ಒಬ್ಬನ ಪಾಲಿಗೆ, ಗಂಟು ಇನ್ನೊಬ್ಬನ ಪಾಲಿಗೆ ಬರುತ್ತದೆ. ಕತ್ತಿ ಗುಜರಿಯವನಿಗೂ ಕಾಗದ ರದ್ದಿಯವನಿಗೂ ಹೋದ ಮೇಲೆ ಎರಡಕ್ಕೂ ಸಿಗುವುದು ಕಿಲೋ ಲೆಕ್ಕದ ಬೆಲೆ.