ಗೊಂಬೆಗಳಿವೆ, ಆಟ ಯಾವುದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಕಂಪ್ಯೂಟರ್ ವಿಷಯ ತೆಗೆಯುತ್ತಾನೆ ಎಂದುಕೊಂಡಿರುತ್ತೀರಿ. ನಾನು ಗೊಂಬೆಗಳ ಬಗ್ಗೆ ಮಾತಾಡುತ್ತೇನೆ. ಬಿ.ಇ. ಮುಗಿಸಿ ಬೆಂಗಳೂರು ಸೇರಿದಾಗಿನಿಂದ ಬೆರಳುದ್ದದ ಗೊಂಬೆ ಕೂಡಿಹಾಕುವ ಹುಚ್ಚು ನನಗೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಆನೆ, ಚನ್ನಪಟ್ಟಣದ ಅರಗಿನ ಬಣ್ಣದ ಕುದುರೆ, ಜಾತ್ರೆಯ ಪ್ಲಾಸ್ಟಿಕ್ ಸಿಪಾಯಿ, ಎಲ್ಲ ಸೇರಿ ಎಪ್ಪತ್ತರ ಮೇಲಿವೆ. ಕಪಾಟಿನಲ್ಲಿ ಸುಮ್ಮನೆ ನಿಂತಿದ್ದವು. "ಅಪ್ಪಾ, ಇವನ್ನು ಇಟ್ಟುಕೊಂಡು ಏನಾಡೋದು?" ಎಂದು ಮಗಳು ಕೇಳಿದ ಮೇಲೆ ಹುಡುಕಾಟ ಶುರುವಾಯಿತು.

ಹೊರದೇಶದಲ್ಲಿ ಈ ಪ್ರಶ್ನೆ ಹಳೆಯದು. ಎಚ್.ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕ ಆಟಿಕೆ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ ಆಡಲು ನಿಯಮ ಬರೆದು, 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನೇ ತಂದ. ಈಗ ಅಂಥ ಆಟಗಳು ದೊಡ್ಡ ವ್ಯಾಪಾರ. ಆಟ ಬೇಕೆಂದರೆ ಮೊದಲು ಅವರದೇ ಗೊಂಬೆ ಕೊಳ್ಳಬೇಕು. ನನಗಿದು ತಲೆಕೆಳಗು ಅನಿಸುತ್ತದೆ. ಇದ್ದ ಗೊಂಬೆ ಎಣಿಸಿ, ಅದಕ್ಕೊಪ್ಪುವ ಆಟ ನೋಡಬೇಕು.

ಮೂರು ದೊಡ್ಡವು, ಹದಿನೈದು ಸಣ್ಣವು ಇದ್ದರೆ ಹುಲಿ-ಕುರಿ ಆಟವಾಯಿತು. ಶಹಾಬಾದ್ ಫರಸಿಯ ಮೇಲೆ ಚಾಕ್‌ಪೀಸಿನಲ್ಲಿ ಮನೆ ಬರೆದರೆ 23 ಬಿಂದು. ಗೆರೆಗಳ ನಡುವೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಗೊಂಬೆಗಳು ಒಂದಕ್ಕೊಂದು ತಾಗಿ ಬೀಳುತ್ತವೆ. ಕುರಿ ಒಂದೊಂದಾಗಿ ಇಳಿಯುತ್ತದೆ, ಹದಿನೈದೂ ಇಳಿಯುವವರೆಗೆ ಕದಲುವಂತಿಲ್ಲ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ಒಗ್ಗಟ್ಟಾಗಿ ಹುಲಿಯನ್ನು ಕಟ್ಟಿಹಾಕಿದರೆ ಗೆದ್ದಂತೆ. ನಾಲ್ಕು ಬಣ್ಣದವು ನಾಲ್ಕು ನಾಲ್ಕಿದ್ದರೆ ಚೌಕಾಬಾರ, ಕವಡೆ ಸಿಗದಿದ್ದರೆ ಅರ್ಧ ತೇಯ್ದ ಹುಣಸೆ ಬೀಜ ನಡೆಯುತ್ತದೆ. ಎರಡು ಪಕ್ಷಕ್ಕೆ ಒಂಬತ್ತೊಂಬತ್ತು ಇದ್ದರೆ ಸಾಲುಮನೆ. ಹಂಪಿಯ ಮಂಟಪಗಳ ನೆಲದಲ್ಲಿ ಇಂಥ ಮನೆಗಳನ್ನು ಕೊರೆದಿರುವುದನ್ನು ಪ್ರವಾಸಕ್ಕೆ ಹೋದವರು ನೋಡಿರಬಹುದು. ಗೈಡುಗಳು ತೋರಿಸುವುದು ಕಡಿಮೆ.

ಸಿಪಾಯಿಗಳದ್ದೇ ತೊಡಕಾಗಿತ್ತು. ಅವಕ್ಕೆ ಆಟ ಸಿಕ್ಕಿದ್ದು ನಮ್ಮ ಸುರಪುರ ಸೀಮೆಯಲ್ಲೇ. 1705ರಲ್ಲಿ ಔರಂಗಜೇಬ್ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ, ಅದು ಅವನ ಕೊನೆಯ ದೊಡ್ಡ ಮುತ್ತಿಗೆ. ಕೋಟೆ ಅವನ ಕೈಗೆ ಬಂತು, ಪಿಡ್ಡನಾಯಕ ಬರಲಿಲ್ಲ, ತಪ್ಪಿಸಿಕೊಂಡಿದ್ದ. ಇದನ್ನು ಹುಲಿ-ಕುರಿಯ ಮನೆಯ ಮೇಲೇ ಆಡಿದೆವು. ಸುತ್ತ ಹದಿನೈದು ಸಿಪಾಯಿ, ನಡುವೆ ಮೂವರು ಬೇಡ ವೀರರು. ಕೋಟೆ ಉಳಿಸುವುದು ಗೆಲುವಲ್ಲ, ಮೂವರಲ್ಲಿ ಒಬ್ಬ ಅಂಚಿನ ಬಿಂದು ದಾಟಿದರೆ ಗೆಲುವು. ಮಗಳು ಆರು ಆಟದಲ್ಲಿ ನಾಲ್ಕು ಸಲ ನನ್ನ ಕೈಯಿಂದ ಪಾರಾದಳು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹುಲಿ-ಕುರಿಗೆ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಕುಳಿತಾಗ, ಹುಲಿ ಒಂದೇ ಸರದಿಯಲ್ಲಿ ಎರಡು ಕುರಿ ಹಾರಬಹುದೇ ಎಂಬ ಪ್ರಶ್ನೆ ಎದ್ದಿತು. ಊರಿಗೆ ಬಂದು ಮೂವರು ಹಿರಿಯರನ್ನು ಕೇಳಿದೆ. ಮೂರು ಉತ್ತರ ಬಂತು, ಜೊತೆಗೆ ಕಟ್ಟೆಯ ಮೇಲೆ ಒಂದು ಜಗಳ. ಮೂವರೂ ಸರಿಯೇ, ಒಬ್ಬೊಬ್ಬರದು ಒಂದೊಂದು ಊರಿನ ಆಟ. ಅವರಲ್ಲಿ ಒಬ್ಬರು ಈಗಿಲ್ಲ. ಅವರ ನಿಯಮ ನನ್ನ ಡೈರಿಯ ಅರ್ಧ ಪುಟದಲ್ಲಿದೆ, ಬೇರೆಲ್ಲೂ ಇದ್ದಂತಿಲ್ಲ.

ನಮ್ಮ ಭಾಗದ ಎಷ್ಟೋ ತಂದೆತಾಯಿ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜ-ಅಮ್ಮನ ಹತ್ತಿರ ಉಳಿಯುತ್ತಾರೆ. ಆ ಮನೆಗಳಲ್ಲೇ ಈ ಆಟಗಳು ಇನ್ನೂ ಬದುಕಿವೆ. ಆದ್ದರಿಂದ ಮಕ್ಕಳೇ, ಈ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಉಳಿದ ಮಣ್ಣಿನಲ್ಲಿ ಮೂರು ಹುಲಿ, ಹದಿನೈದು ಕುರಿ ಮಾಡಿ. ಅಮ್ಮನ ಜೊತೆ ಆಡಿ, ಅವರು ಹೇಳಿದ ನಿಯಮವನ್ನು ಅವರ ಮಾತಿನಲ್ಲೇ ಬರೆದು ತನ್ನಿ. ಮನೆಯ ಚಿತ್ರವೂ ಇರಲಿ, ಹೇಳಿದವರ ಹೆಸರೂ ಊರೂ ಇರಲಿ. ಗುರುಗಳಲ್ಲಿ ಒಂದು ವಿನಂತಿ: ದಯವಿಟ್ಟು ಅದನ್ನು ತಿದ್ದಬೇಡಿ, ಒಂದು ನಿಯಮ ಇನ್ನೊಂದಕ್ಕೆ ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ.

ದಪ್ಪನೆಯ ರಿಜಿಸ್ಟರ್ ಒಂದನ್ನು ಗ್ರಂಥಾಲಯಕ್ಕೆ ತಂದಿದ್ದೇನೆ. ಮೊದಲ ಪುಟದಲ್ಲಿ ಆ ಹಿರಿಯರ ನಿಯಮ ಬರೆದಿದೆ. ಗೊಂಬೆಗಳ ಪೆಟ್ಟಿಗೆ ಮುಖ್ಯ ಗುರುಗಳ ಕೋಣೆಯಲ್ಲಿದೆ, ಬೀಗ ಹಾಕಿಲ್ಲ. ಒಂದು ಕುದುರೆಯ ಕಾಲು ಮುರಿದಿದೆ, ಕುರಿಗಳಲ್ಲಿ ಎರಡು ಕಮ್ಮಿ ಇವೆ. ಸದ್ಯಕ್ಕೆ ಹುಣಸೆ ಬೀಜ ಇಟ್ಟು ಆಡಿ.